ಜ್ವರ ಐತಿ ಅಂತ ಹೇಳಿದವಳು

ಆಯಿ ತೀರಿಕೊಂಡದ್ದು ನನಗೆ ಗೊತ್ತಾದದ್ದು ಬೈಲಹೊಂಗಲದಿಂದ ಮುರಗೋಡಕ್ಕೆ ಬರುವ ಬಸ್ಸಿನಲ್ಲಿ. ಮುಂದಿನ ಸೀಟಿನಲ್ಲಿ ಕುಳಿತಿದ್ದ ಇಬ್ಬರು ಅದೂ ಇದೂ ಮಾತಾಡುತ್ತ, "ಮಾರ್ಕೆಟ್ ಹಿಂದಿನ ಓಣಿ ಅರ್ಜಿ ಮುದುಕಿ ಹೋತಂತಲ್ಲೋ" ಎಂದುಕೊಂಡರು. "ಹೋತಾ? ಹಂಗಾರ ಆಫೀಸಿನವ್ರು ಇನ್ನ ಆರಾಮ ನಿದ್ದಿ ಮಾಡ್ತಾರ ಬಿಡು" ಎಂದು ಇನ್ನೊಬ್ಬ ನಕ್ಕ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತೆ. ಆ ಮುದುಕಿಯ ಮನೆಯ ಮುಂಗೋಣೆಯಲ್ಲಿ ನಾನು ಹಲವು ವರ್ಷ ಬಾಡಿಗೆಗಿದ್ದೆ. ಅವರ ಅರ್ಜಿಗಳಲ್ಲಿ ಮುಖ್ಯವಾದದ್ದನ್ನು ಬರೆದುಕೊಟ್ಟವಳೂ ನಾನೇ.

ಬೈಲಹೊಂಗಲದ ಹೈಸ್ಕೂಲಿಗೆ ಕನ್ನಡ ಶಿಕ್ಷಕಿಯಾಗಿ ನಾನು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಕೋಣೆ ಹುಡುಕಿಕೊಂಡು ಹೋದಾಗ ಆಯಿ ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎತ್ತರದ ಹೆಂಗಸು. ನೆತ್ತಿಯ ಮೇಲಿನ ಸೆರಗು ಜಾರುತ್ತಿರಲಿಲ್ಲ. ಹಣೆಯ ಮೇಲೆ ವಿಭೂತಿ, ಸೊಂಟದಲ್ಲಿ ನಶ್ಯದ ಡಬ್ಬಿ. ನನ್ನ ಊರು, ತಂದೆ-ತಾಯಿ, ಮದುವೆ ಯಾಕೆ ಆಗಿಲ್ಲ, ರಾತ್ರಿ ಎಷ್ಟು ಹೊತ್ತು ಲೈಟು ಹಚ್ಚುತ್ತೇನೆ, ಎಲ್ಲ ಕೇಳಿದರು. ಕೊನೆಗೆ, "ನಾ ಭಾಳ ಕೇಳ್ತೇನ್ರಿ ಅಕ್ಕಾರ. ಬ್ಯಾಸರ ಆದ್ರ ಈಗ ಹೇಳ್ರಿ, ಬ್ಯಾರೆ ಮನಿ ತೋರಸ್ತೇನಿ" ಎಂದರು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳು ಎಲ್ಲರಿಗೂ ಅಕ್ಕಾರೇ.

ಕೇಳುವುದು ಅವರ ಸ್ವಭಾವವೇ ಆಗಿಹೋಗಿತ್ತು. ದೊಡವಾಡದ ಬಸ್ಸು ತಡವಾದರೆ ಉಳಿದವರು ಕಟ್ಟೆಯ ಮೇಲೆ ಕೂತು ಗೊಣಗುತ್ತಿದ್ದರು, ಆಯಿ ಎದ್ದು ಹೋಗಿ ಕಂಟ್ರೋಲರನ ಕಿಟಕಿಗೆ ಮುಖವಿಟ್ಟು, "ಯಾಕ ತಡಾ? ಡ್ರೈವರ್ ಬಂದಿಲ್ಲೋ, ಗಾಡಿ ಕೆಟ್ಟೈತೋ? ಎರಡರಾಗ ಒಂದ ಹೇಳಪಾ" ಎನ್ನುತ್ತಿದ್ದರು. ರೇಷನ್ ಅಂಗಡಿಯವನು ಅವರನ್ನು ದೂರದಲ್ಲಿ ಕಂಡರೇ ತಕ್ಕಡಿ ಒರೆಸುತ್ತಿದ್ದ. ಇದು ಕೇಳಲು ಚೆನ್ನಾಗಿದೆ, ಅವರ ಜತೆ ಒಂದೇ ಮನೆಯಲ್ಲಿ ಇರುವುದು ಸುಲಭವಿರಲಿಲ್ಲ. ನೀರು ಬಿಟ್ಟ ದಿನ ನಾನು ಒಂದು ಕೊಡ ಹೆಚ್ಚು ತುಂಬಿದರೂ ಅವರಿಗೆ ಕಾರಣ ಹೇಳಬೇಕಾಗಿತ್ತು. ಸಿಟ್ಟು ಬಂದರೆ ನಾಲ್ಕು ಮನೆಗೆ ಕೇಳುವಂಥ ದನಿ. ಓಣಿಯಲ್ಲಿ ಅವರನ್ನು ಪ್ರೀತಿಸುವವರು ಇದ್ದರೆಂದು ನಾನು ಹೇಳಲಾರೆ.

ಅವರ ಮಗ ದೊಡವಾಡದಲ್ಲಿ ಹೊಲಮನೆ ನೋಡಿಕೊಂಡಿದ್ದ. ಮೊಮ್ಮಕ್ಕಳೂ ಅಲ್ಲೇ. ತೀರಿಹೋದ ಗಂಡ ಹತ್ತಿ ವ್ಯಾಪಾರಕ್ಕೆಂದು ಬೈಲಹೊಂಗಲದಲ್ಲಿ ಮಾಡಿದ್ದ ಮನೆಯಲ್ಲಿ ಆಯಿ ಒಬ್ಬರೇ. ತುಂಬಿದ ಮನೆ ಬಿಟ್ಟು ಇಲ್ಲಿ ಯಾಕಿದ್ದಾರೆಂದು ನಾನು ಕೇಳಿರಲಿಲ್ಲ. ಓಣಿಯವರೇ ಹೇಳಿದರು: "ಸೊಸಿನ್ನ ತಿಂದಾಕಿರಿ ಅಕಿ. ಮೈಯಾಗ ಜ್ವರ ಇದ್ದದ್ದ ಮುಚ್ಚಿಟ್ಟು ಆಪರೇಶನ್ನಿಗೆ ಕರಕೊಂಡು ಹೋಗಿದ್ಲಂತ."

ಆ ಸಂಗತಿಯನ್ನು ಆಯಿಯ ಬಾಯಿಂದ ಕೇಳಿದ್ದು ಬಹಳ ದಿನಗಳ ಮೇಲೆ. ನನಗೆ ಚಳಿಜ್ವರ ಬಂದು ಮಲಗಿದ್ದೆ. ಆಯಿ ಅಂಬಲಿ ಮಾಡಿ ತಂದವರು ನನ್ನ ಹಣೆಯ ಮೇಲೆ ಕೈಯಿಟ್ಟರು, ಕಾದ ಹಂಚು ಮುಟ್ಟಿದವರ ಹಾಗೆ ಥಟ್ಟನೆ ತೆಗೆದರು. ಕೆಳಗೆ ಕುಳಿತು, ನಾನು ಏನೂ ಕೇಳದೆಯೇ ಹೇಳತೊಡಗಿದರು.

ಸೊಸೆ ದೇಗಾಂವದವಳು. ಮಾತು ಕಡಿಮೆ. ಸೆರಗಿನ ತುದಿಯಲ್ಲಿ ಶೇಂಗಾ ಬೆಲ್ಲ ಕಟ್ಟಿಕೊಂಡು ಹೊಲದಲ್ಲಿ ಕಳೆ ತೆಗೆಯುತ್ತ ತಿನ್ನುತ್ತಿದ್ದಳು. "ಅದಕ್ಕೂ ಬೈತಿದ್ನಿ ನಾ. ಮನ್ಯಾಗ ಉಣ್ಣಾಕ ಹಾಕೂದಿಲ್ಲೇನು, ಕಳ್ಳಿಹಂಗ ತಿಂತಿ ಅಂತ." ಎರಡು ಮಕ್ಕಳಾದವು. ಸಾಕೆಂದು ಎಲ್ಲರೂ ಒಪ್ಪಿದ್ದರು, ಸೊಸೆಯೂ. ಸರಕಾರಿ ದವಾಖಾನೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಕ್ಯಾಂಪು ಇಟ್ಟಿದ್ದರು. ಯಾವ ಊರಿನ ದವಾಖಾನೆ ಎಂದು ನಾನಿಲ್ಲಿ ಬರೆಯುವುದಿಲ್ಲ. ಮುಂಜಾನೆ ಟ್ರ್ಯಾಕ್ಟರಿನಲ್ಲಿ ಹೋಗುವಾಗ ಸೊಸೆ ಆಯಿಯ ಹೆಗಲಿಗೆ ಒರಗಿದಳು. ಮೈ ಬಿಸಿಯಾಗಿತ್ತು.

"ಇಳದ ಮ್ಯಾಲ ನರ್ಸಬಾಯಿಗೆ ಹೇಳಿದ್ನ್ರಿ ಅಕ್ಕಾರ. 'ಬಾಯಾರ, ಹುಡುಗಿ ಮೈ ಬಿಸಿ ಐತಿ, ಜ್ವರ ಐತಿ' ಅಂದ್ನಿ. ಅಕಿ ಬರಕೋತ ಕುಂತಿದ್ಲು. ಮುಖ ಎತ್ತಲಿಲ್ಲ. 'ಬಿಸಲಾಗ ಬಂದಿರೇನು? ಎಲ್ಲಾರ ಮೈನೂ ಬಿಸೀನ ಇರತೈತಿ, ಒಳಗ ಕಳಸ್ರಿ' ಅಂದ್ಲು. ಕಳಸಿದ್ನಿ."

ನಾಲ್ಕನೆಯ ದಿನ ಹೊಟ್ಟೆ ಉಬ್ಬಿ, ಧಾರವಾಡಕ್ಕೆ ಒಯ್ಯುವ ದಾರಿಯಲ್ಲೇ ಸೊಸೆ ಹೋದಳು. ವಿಚಾರಣೆಗೆಂದು ಮೇಲಿನವರು ಜೀಪಿನಲ್ಲಿ ಬಂದು ಹೋದರು. ಮನೆಯವರು ಜ್ವರದ ಸುದ್ದಿ ಹೇಳಲೇ ಇಲ್ಲ ಎಂದು ದವಾಖಾನೆಯವರು ಹೇಳಿದರಂತೆ. ಆ ಮಾತು ಊರಲ್ಲಿ ಹಬ್ಬಿತು. ಆಯಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಮಗ ಕೂಡ, "ಹೇಳಿದ್ರ ಅವರ್ಯಾಕ ಕೊಯ್ತಿದ್ರು?" ಎಂದ. ದೇಗಾಂವದ ಬೀಗರು ದಿನಕರ್ಮಕ್ಕೆ ಬಂದವರು ಮತ್ತೆ ಹೊಸ್ತಿಲು ತುಳಿಯಲಿಲ್ಲ.

"ಅವರು ಏನ ಬರದಾರ ಅಂತ ನೋಡಬೇಕ್ರಿ" ಎಂದರು ಆಯಿ. "ನಾ ಜ್ವರ ಐತಿ ಅಂದದ್ದು ಬರದಾರೋ ಇಲ್ಲೋ. ಎಷ್ಟ ಸಲ ಹೋಗೇನಿ. ಅದು ಸರಕಾರದ ಕಾಗದ, ನಿನಗ ತೋರಸಾಕ ಬರೂದಿಲ್ಲ ಅಂತಾರ. ಸತ್ತಾಕಿ ನಮ್ಮಾಕಿ. ಕಾಗದ ಹೆಂಗ ಸರಕಾರದ್ದಾತು?"



ಕೆಲವು ವರ್ಷಗಳ ಮೇಲೆ ಮಾಹಿತಿ ಹಕ್ಕಿನ ಕಾಯ್ದೆ ಬಂತು. ಮೊದಲು ರಾಜ್ಯದ್ದು ಒಂದಿತ್ತಂತೆ, ನಮ್ಮ ಓಣಿಗೆ ಅದರ ಸುದ್ದಿಯೇ ಮುಟ್ಟಿರಲಿಲ್ಲ. ಇಡೀ ದೇಶದ್ದು ಬಂದಾಗ ನಮ್ಮ ಸಾಲಿಯಲ್ಲೂ ತರಬೇತಿ ಇಟ್ಟರು. ಹೆಡ್‌ಮಾಸ್ತರರು, "ಇನ್ನು ಯಾರು ಬೇಕಾದವರು ಬಂದು ನಮ್ಮ ಹಾಜರಿ ಪುಸ್ತಕ ಕೇಳ್ತಾರ, ಹುಷಾರ್ರಿ" ಎಂದು ಹೆದರಿಸಿದರು. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಆಯಿಗೆ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು, "ಮುದುಕೇರಿಗೂ ಆ ಹಕ್ಕ ಐತೇನ್ರಿ?" ಎಂದು ಕೇಳಿದರು.

ಅರ್ಜಿ ಬರೆಯಲು ಕುಳಿತೆವು. ಆಯಿ ಹೇಳುತ್ತ ಹೋದರು: ಸೊಸೆ ಹೇಗೆ ಮನೆ ತುಂಬಿದಳು, ಟ್ರ್ಯಾಕ್ಟರಿನಲ್ಲಿ ಹೇಗೆ ಒರಗಿದಳು, ಧಾರವಾಡದ ದಾರಿಯಲ್ಲಿ ನೀರು ಹೇಗೆ ಕೇಳಿದಳು. ನಾನು ಪೆನ್ನು ನಿಲ್ಲಿಸಿ, ಇದಾವುದೂ ಬೇಕಿಲ್ಲ, ಯಾವ ಕಾಗದ ಬೇಕೆಂದಷ್ಟೇ ಬರೆದರೆ ಸಾಕು, ಯಾಕೆ ಬೇಕೆಂದು ಅವರು ಕೇಳುವ ಹಾಗೂ ಇಲ್ಲ ಎಂದೆ.

"ಕೇಳೂ ಹಂಗಿಲ್ಲ?"

"ಇಲ್ಲ ಆಯಿ. ಕಾಯ್ದೆಯೊಳಗ ಹಂಗ ಐತಿ."

ಇದರಿಂದ ಅವರಿಗೆ ಸಂತೋಷವಾಗಬಹುದೆಂದು ನಾನು ತಿಳಿದಿದ್ದೆ. ಅವರ ಮುಖ ಸಣ್ಣದಾಯಿತು. "ಅಲ್ರಿ ಅಕ್ಕಾರ, ನನಗ ಹೇಳಬೇಕಾಗೇತಲ್ಲ. ಇಷ್ಟ ವರ್ಷ ಒಬ್ಬರಾದ್ರೂ ಯಾಕಬೇ ಮುದುಕಿ ಅಂತ ಕೇಳ್ಯಾರೇನು?"

ಆದರೂ ಮೂರು ಸಾಲಿನ ಅರ್ಜಿಯೇ ಹೋಯಿತು. ಶುಲ್ಕಕ್ಕೆ ಪೋಸ್ಟಲ್ ಆರ್ಡರ್ ತರಲು ಅವರೇ ಅಂಚೆ ಕಚೇರಿಗೆ ಹೋದರು. ಕಾಯ್ದೆ ಹೇಳಿದ ತಿಂಗಳು ಮುಗಿದರೂ ಉತ್ತರವಿಲ್ಲ. ನೆನಪಿನ ಕಾಗದ ಬರೆದ ಮೇಲೆ "ಸದರಿ ಕಡತ ಲಭ್ಯವಿರುವುದಿಲ್ಲ" ಎಂದು ಒಂದೇ ಸಾಲು ಬಂತು. ಆಯಿ ಆ ಸಾಲನ್ನು ಅಕ್ಷರಕ್ಕೆ ಬೆರಳಿಟ್ಟು ಓದಿದರು. ಅವರಿಗೆ ಓದು ನಿಧಾನ, ಆದರೆ ಬರುತ್ತಿತ್ತು. "ಇಲ್ಲ ಅಂದ್ರ ಎಲ್ಲಿ ಹೋತು? ಸುಟ್ಟರೋ, ಇಲಿ ತಿಂತೋ? ಎರಡರಾಗ ಒಂದ ಹೇಳಬೇಕಲ್ಲ." ಮೇಲ್ಮನವಿ ಬರೆದೆವು.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ದೊಡವಾಡದಿಂದ ಮಗ ಬಂದ. ಅವನ ಎರಡನೆಯ ಹೆಂಡತಿ ಮಕ್ಕಳನ್ನು ಚೆನ್ನಾಗಿ ನೋಡಿಕೊಂಡಿದ್ದಳು, ಸಂಸಾರ ಒಂದು ದಾರಿಗೆ ಬಂದಿತ್ತು. "ಮುಚ್ಚಿದ್ದನ್ನ ಯಾಕ ಕೆದರತಿಬೇ? ಮಕ್ಕಳು ದೊಡ್ಡಾವಾಗ್ಯಾವ. ಅವಕ್ಕ ಹಳೇದೆಲ್ಲಾ ಯಾಕ ಗೊತ್ತಾಗಬೇಕು?" ಎಂದು ಅಂಗಳದಲ್ಲೇ ಕೂಗಾಡಿದ. ಆಯಿ, "ಅವಕ್ಕ ಈಗ ಗೊತ್ತಿರೂದ ಏನೈತಿ? ಆಯಿ ಅವ್ವನ್ನ ಕೊಂದ್ಲು ಅಂತ ಹೌದಿಲ್ಲೋ?" ಎಂದರು. ಅವನು ನೀರೂ ಕುಡಿಯದೆ ಹೋದ.

ನನ್ನನ್ನು ಹೆಚ್ಚು ಕಾಡಿದ್ದು ಆ ನರ್ಸಬಾಯಿ ಬಂದದ್ದು. ನಿವೃತ್ತಿಗೆ ಹತ್ತಿರವಾಗಿದ್ದ ಹೆಂಗಸು. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಕೈಯಲ್ಲಿ ಬಾಳೆಹಣ್ಣಿನ ಚೀಲ. ನಾನು ಯಾರೋ ರಾಕ್ಷಸಿಯನ್ನು ಮನಸ್ಸಿನಲ್ಲಿ ಮಾಡಿಕೊಂಡಿದ್ದೆ. ಆಕೆ ಪಡಸಾಲೆಯ ಕಂಬಕ್ಕೆ ಆತು ಕುಳಿತು ಅತ್ತಳು. "ಆಯಿ, ನನ್ನ ಪೆನ್ಶನ್ನಿಗೆ ಕುತ್ತು ಬರತೈತಿ. ದಯಮಾಡಿ ಅರ್ಜಿ ಹಿಂದ ತಗೋರಿ."

ಆಯಿ ನಶ್ಯದ ಡಬ್ಬಿ ತೆಗೆದರು, ಏರಿಸದೆ ಮುಚ್ಚಿದರು. "ಅರ್ಜಿ ಹಿಂದ ತಗೋತೇನಿ. ಒಂದ ಮಾತು ಹೇಳವಾ. ಅವತ್ತ ನಾ ನಿನಗ ಜ್ವರ ಐತಿ ಅಂತ ಹೇಳಿದ್ನೋ ಇಲ್ಲೋ?"

ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಖರೇ ಹೇಳಲ್ರಿ? ನನಗ ನೆನಪಿಲ್ಲ. ಅವತ್ತ ಜಾತ್ರಿಹಂಗ ಮಂದಿ ಇತ್ತು. ಡಾಕ್ಟರ್ ಇನ್ನೊಂದ ಊರಿಗೆ ಹೋಗಬೇಕು ಅಂತ ಅವಸರ ಮಾಡ್ತಿದ್ರು. ಮ್ಯಾಲಿನವ್ರು ಇಷ್ಟ ಕೇಸ್ ಆಗಬೇಕು ಅಂತ ಕುತಗಿಮ್ಯಾಲ ಕುಂತಿದ್ರು. ಯಾರ ಏನ ಹೇಳಿದ್ರೋ, ನಾ ಏನ ಅಂದ್ನೋ… ದೇವರಾಣಿ ನೆನಪಿಲ್ಲ ಆಯಿ."

"ಹೇಳಿದ್ದಿಲ್ಲ ಅಂತನೂ ಅನ್ನೂದಿಲ್ಲ?"

"ಹೆಂಗ ಅನ್ಲಿ? ನೆನಪ ಇಲ್ಲಲ್ರಿ."

ಹೌದೆಂದಿದ್ದರೆ ಆಯಿ ಅಲ್ಲಿಗೇ ಬಿಡುತ್ತಿದ್ದರು. ಇಲ್ಲವೆಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ತಮ್ಮ ಬದುಕನ್ನೇ ತಿಂದ ಒಂದು ಮಾತು ಮತ್ತೊಬ್ಬಳ ನೆನಪಿನಲ್ಲೇ ಉಳಿದಿಲ್ಲವೆಂಬುದನ್ನು ಹೇಗೆ ಎದುರಿಸುವುದೆಂದು ಅವರಿಗೆ ತಿಳಿಯಲಿಲ್ಲ. ಬಾಳೆಹಣ್ಣನ್ನು ಚೀಲದ ಸಮೇತ ಹಿಂದಿರುಗಿಸಿದರು. ಅರ್ಜಿ ಹಿಂದೆ ತೆಗೆದುಕೊಳ್ಳಲಿಲ್ಲ. ಅಂದು ಸಂಜೆ ಒಲೆ ಹೊತ್ತಿಸಲಿಲ್ಲ.

ಮೇಲ್ಮನವಿಯ ವಿಚಾರಣೆಗೆ ಬೆಳಗಾವಿಗೆ ನಾನೂ ಹೋಗಿದ್ದೆ. ಅಲ್ಲಿನ ಅಧಿಕಾರಿ ಕಡಿಮೆ ಮಾತಿನ ಮನುಷ್ಯ. ದವಾಖಾನೆಯ ಪರವಾಗಿ ಬಂದಿದ್ದ ಗುಮಾಸ್ತನಿಗೆ, "ಕಡತ ಇಲ್ಲ ಅಂತ ಬರದೀರಿ. ನಾಶ ಮಾಡೀರೋ, ಕಳದೀರೋ? ಯಾವುದೇ ಇರ್ಲಿ, ಸಹಿ ಮಾಡಿ ಕೊಡ್ರಿ" ಎಂದರು. ಆಯಿ ನನ್ನ ಕಡೆ ತಿರುಗಿ ನೋಡಿದರು. ಅವರದೇ ಪ್ರಶ್ನೆಯನ್ನು ಕುರ್ಚಿಯ ಮೇಲಿನವರು ಕೇಳಿದ್ದರು. ಸಹಿ ಮಾಡುವ ಮಾತು ಬಂದ ಮೇಲೆ ಕಡತ ಎಲ್ಲಿಂದಲೋ ಸಿಕ್ಕಿತು. ಬಂದು ನೋಡಬಹುದು ಎಂದು ಕಾಗದ ಬಂತು.

ಆ ದಿನ ಆಯಿ ತಲೆಗೆ ಎರೆದುಕೊಂಡು, ಪೆಟ್ಟಿಗೆಯಲ್ಲಿದ್ದ ಇಳಕಲ್ಲ ಸೀರೆ ಉಟ್ಟು ಬಂದರು. ದವಾಖಾನೆಯ ಕಚೇರಿಯಲ್ಲಿ ನಮಗೆ ಒಂದು ಮೇಜು, ಎರಡು ಕುರ್ಚಿ ಕೊಟ್ಟರು. ಬೇರೆ ಹೆಂಗಸರ ಹೆಸರು ನಮಗೆ ಕಾಣಬಾರದೆಂದು ಗುಮಾಸ್ತ ರಿಜಿಸ್ಟರಿನ ಹೆಸರುಗಳ ಕಾಲಮ್ಮಿನ ಮೇಲೆ ಹಳೆಯ ಪತ್ರಿಕೆಯ ತುಂಡು ಮಡಚಿಟ್ಟ. ಸೊಸೆಯ ಹೆಸರಿದ್ದ ಕಡೆ ಮಾತ್ರ ಸರಿಸಿ ತೋರಿಸಿದ. ನಾನು ಓದಿ ಹೇಳಿದೆ: ವಯಸ್ಸು, ಮಕ್ಕಳು, ರಕ್ತದೊತ್ತಡ. ಆಮೇಲೆ ಮೈಯ ಉಷ್ಣತೆ, ತೊಂಬತ್ತೆಂಟು ಪಾಯಿಂಟ್ ನಾಲ್ಕು.

"ಹಂಗಂದ್ರ?"

"ಜ್ವರ ಇರಲಿಲ್ಲ ಅಂತ ಬರದಾರ, ಆಯಿ."

ಅವರ ಬೆರಳು ಆ ಅಂಕಿಯ ಮೇಲೇ ಇತ್ತು. ಅದನ್ನು ನಿಧಾನಕ್ಕೆ ಮೇಲಿನ ಸಾಲಿಗೆ ಸರಿಸಿದರು. ಮತ್ತೂ ಮೇಲೆ. ಪುಟದ ತುದಿಯವರೆಗೆ ಹೋಗಿ, ಕೆಳಗೆ ಇಳಿದರು. ಓದು ನಿಧಾನವಾದ್ದರಿಂದ ಅವರು ಅಂಕಿಯನ್ನು ಚಿತ್ರದಂತೆ ನೋಡುತ್ತಿದ್ದರು. ನನಗೆ ಕಾಣದ್ದು ಅವರಿಗೆ ಕಂಡಿತು. ಎಲ್ಲ ಸಾಲಿನಲ್ಲೂ ಅದೇ ಅಂಕಿ, ಅದೇ ಕೈ, ಅದೇ ಮಸಿ. ಮೊದಲ ಹೆಂಗಸಿನಿಂದ ಕೊನೆಯ ಹೆಂಗಸಿನವರೆಗೆ ಎಲ್ಲರ ಮೈಯೂ ತೊಂಬತ್ತೆಂಟು ಪಾಯಿಂಟ್ ನಾಲ್ಕು.

"ಎಲ್ಲಾರದೂ ಒಂದ ಐತಲ್ರೀ" ಎಂದು ಗುಮಾಸ್ತನನ್ನು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟ ಹೆಂಗಸರು, ಒಬ್ಬೊಬ್ಬರು ಒಂದೊಂದ ಊರಿಂದ ಬಂದಾರ. ಎಲ್ಲಾರ ಮೈನೂ ಒಂದ ಅಳತಿ ಬಿಸಿ ಇತ್ತೇನ್ರಿ? ಯಾರಿಗೂ ಜ್ವರದ ಕಡ್ಡಿ ಇಟ್ಟ ನೋಡಿಲ್ಲ, ಹೌದಿಲ್ಲೋ?"

ಗುಮಾಸ್ತ ಆ ಕಾಲದಲ್ಲಿ ಅಲ್ಲಿ ಇದ್ದವನೇ ಅಲ್ಲ. "ನನಗೇನ ಗೊತ್ತ್ರಿ ಅಮ್ಮಾ" ಎಂದ.

"ನಾ ಹೇಳಿದ್ದು ಎಲ್ಲೆರೆ ಐತೇನು ನೋಡ್ರಿ ಅಕ್ಕಾರ."

ಕಡತದಲ್ಲಿದ್ದ ಹಳೆಯ ವಿಚಾರಣೆಯ ವರದಿಯನ್ನು ಎರಡು ಸಲ ಓದಿದೆ. ಡಾಕ್ಟರರ ಹೇಳಿಕೆ ಇತ್ತು, ಸಿಬ್ಬಂದಿಯದಿತ್ತು. ಮನೆಯವರು ಜ್ವರದ ವಿಷಯ ತಿಳಿಸಿಲ್ಲ ಎಂಬ ಒಂದು ವಾಕ್ಯವಿತ್ತು. ಆಯಿಯ ಹೆಸರು ಎಲ್ಲಿಯೂ ಇರಲಿಲ್ಲ. ಅಂತ್ಯದಲ್ಲಿ ಯಾರ ನಿರ್ಲಕ್ಷ್ಯವೂ ಕಂಡುಬಂದಿಲ್ಲ ಎಂದಿತ್ತು. ಅಷ್ಟು ವರ್ಷ ಕಾದ ಕಾಗದ ಅವರು ಸತ್ಯವಂತೆ ಎಂದೂ ಹೇಳಲಿಲ್ಲ, ಸುಳ್ಳುಗಾತಿ ಎಂದು ತೀರ್ಮಾನಿಸುವಷ್ಟು ಪ್ರಾಮಾಣಿಕವೂ ಆಗಿರಲಿಲ್ಲ. ಮತ್ತೆ ಮೇಲಕ್ಕೆ ಬರೆಯಬಹುದು, ದೂರು ಕೊಡಬಹುದು ಎಂದು ಹೊರಗೆ ಬಂದು ನಾನು ಹೇಳುತ್ತಿದ್ದೆ. ಆಯಿ, "ದೇಗಾಂವಕ್ಕ ಹೋಗೂಣ್ರಿ" ಎಂದರು.

ಮುಂದಿನ ರವಿವಾರ ಕಿತ್ತೂರಿಗೆ ಹೋಗಿ ಅಲ್ಲಿಂದ ದೇಗಾಂವದ ಬಸ್ಸು ಹಿಡಿದೆವು. ಬೀಗತಿ ಅಂಗಳದಲ್ಲಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದರು. ಆಯಿಗಿಂತ ಚಿಕ್ಕವರು, ಆದರೆ ಬೆನ್ನು ಬಾಗಿತ್ತು. ನಮ್ಮನ್ನು ಕಂಡು ಕೈ ತೊಳೆದುಕೊಂಡು, ಮಾತಿಲ್ಲದೆ ಕಂಬಳಿ ಹಾಸಿದರು. ಆಯಿ ಕಚೇರಿಯಿಂದ ಪಡೆದಿದ್ದ ಆ ಪುಟದ ಜೆರಾಕ್ಸ್ ಪ್ರತಿ ಹಾಸಿ, ಬೆರಳಿಟ್ಟು ಒಂದೊಂದು ಸಾಲೂ ತೋರಿಸಿದರು. "ನೋಡ್ರಿ, ಯಾರ ಮೈನೂ ನೋಡಿಲ್ಲ ಅವರು. ನಾ ಹೇಳಿದ್ನ್ರಿ ಬೀಗರ. ನನ್ನ ಮಾತ ಬರಕೊಂಡಿಲ್ಲ. ನಾ ಹೇಳಿದ್ನಿ."

ಬೀಗತಿ ಕಾಗದದ ಕಡೆ ನೋಡಲಿಲ್ಲ.

"ನೀವು ಹೇಳಿರ್ತೀರಿ ಅಂತ ನನಗ ಗೊತ್ತೈತ್ರಿ" ಎಂದರು. "ನಿಮ್ಮ ಬಾಯಿ ಜೋರು, ಖರೆ, ಸುಳ್ಳಾಡೂ ಹೆಂಗಸಲ್ಲ ನೀವು. ಮಂದಿ ಏನ ಅಂದ್ರೂ ನಾ ಅದನ್ನ ನಂಬಿಲ್ಲ. ನನಗ ಅದಲ್ರಿ. ಮೈ ಬಿಸಿ ಐತಿ ಅಂತ ನಿಮ್ಮ ಕೈಗೆ ಹತ್ತಿತ್ತು. ಅವರು ಕೇಳಲಿಲ್ಲ. ಆತು. ಹೊಳ್ಳಿ ಮನಿಗಿ ಯಾಕ ಕರಕೊಂಡು ಬರಲಿಲ್ಲ?"

ಎಮ್ಮೆ ಬಕೆಟ್ಟಿನಲ್ಲಿ ಮೂತಿಯಿಟ್ಟು ಹಿಂಡಿ ಮುಕ್ಕುತ್ತಿತ್ತು. ಕಂಟ್ರೋಲರನನ್ನು, ರೇಷನ್ ಅಂಗಡಿಯವನನ್ನು, ದವಾಖಾನೆಯನ್ನು, ಬೆಳಗಾವಿಯ ಕಚೇರಿಯನ್ನು ಕೇಳಿ ಕೇಳಿ ದಣಿಸಿದ ಹೆಂಗಸಿಗೆ ಆ ತಾಯಿ ಒಂದೇ ಪ್ರಶ್ನೆ ಕೇಳಿದ್ದರು. ನಾನು ಆಯಿಯ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

"ಅಂಜಿದ್ನ್ರಿ" ಎಂದರು. "ಅಕಿ ಗದರಿಸಿದ್ಲು. ಅಷ್ಟ ಮಂದಿ ನೋಡ್ತಿದ್ರು. ಅಲ್ಲೀತನಕ ನಾ ಎಂದೂ ದವಾಖಾನಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಇನ್ನೊಂದ ಮಾತ ಆಡಿದ್ರ ಹೊರಗ ಹಾಕ್ತಾರ ಅಂತ ಅಂಜಿ ಸುಮ್ಮನಾದ್ನಿ."

ಬೀಗತಿ ಎದ್ದು ಒಳಗೆ ಹೋದರು. ಇನ್ನು ಹೊರಡಬೇಕೆಂದು ನಾನು ಚೀಲ ತೆಗೆದುಕೊಂಡೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ತಾಟಿನಲ್ಲಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ತಂದಿಟ್ಟು, "ಉಣ್ರಿ" ಎಂದಷ್ಟೇ ಹೇಳಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದರು. ಆಯಿ ಅರ್ಧ ರೊಟ್ಟಿ ತಿಂದರು. ಹೊರಡುವಾಗ ಬೀಗತಿ ಕುಂಕುಮ ಕೊಟ್ಟದ್ದು ನನಗೆ ಮಾತ್ರ. ಆಯಿಯ ಕೈಯನ್ನು ಒಂದು ಗಳಿಗೆ ಹಿಡಿದು ಬಿಟ್ಟರು. ಅದು ಕ್ಷಮೆಯೋ, ಇನ್ನು ಬರಬೇಡಿ ಎಂದೋ, ನನಗೆ ಇಂದಿಗೂ ತಿಳಿದಿಲ್ಲ.

ದೂರು ಕೊಡುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಆದರೆ ಹತ್ತಿರದ ಊರುಗಳಲ್ಲಿ ಎಲ್ಲೇ ಆಪರೇಶನ್ ಕ್ಯಾಂಪು ಇಟ್ಟರೂ ಮುಂಜಾನೆಯ ಬಸ್ಸಿಗೆ ಹೋಗಿ ದವಾಖಾನೆಯ ಗೇಟಿನ ಹತ್ತಿರ ಕೂರತೊಡಗಿದರು. ಬರುವ ಹೆಣ್ಣುಮಕ್ಕಳನ್ನು ನಿಲ್ಲಿಸಿ, "ಬಾರವಾ ಇಲ್ಲೆ" ಎಂದು ಹಣೆ, ಕುತ್ತಿಗೆ ಮುಟ್ಟಿ ನೋಡುತ್ತಿದ್ದರು. "ಒಳಗ ಕಡ್ಡಿ ಇಟ್ಟ ನೋಡೂತನಕ ಮಲಗಬ್ಯಾಡ" ಎಂದು ಹೇಳಿ ಕಳಿಸುತ್ತಿದ್ದರು. ಸಿಬ್ಬಂದಿಗೆ ಇದು ದೊಡ್ಡ ಪೀಡೆಯಾಯಿತು. ಓಡಿಸಿದರೆ ಮತ್ತೆಲ್ಲಿ ಅರ್ಜಿ ಬರುತ್ತದೋ ಎಂದು ಸುಮ್ಮನಿದ್ದರು.

ಮುರಗೋಡಕ್ಕೆ ನನಗೆ ವರ್ಗವಾಗುವ ಮೊದಲು ಅಂಥ ಒಂದು ಕ್ಯಾಂಪಿಗೆ ನಾನೂ ಜತೆಗೆ ಹೋಗಿದ್ದೆ. ಸಣ್ಣ ವಯಸ್ಸಿನ ಒಬ್ಬ ಹೆಣ್ಣುಮಗಳು ಅತ್ತೆಯೊಂದಿಗೆ ಬಂದಳು. ಆಯಿ ಹಣೆ ಮುಟ್ಟಿದರು, ಮತ್ತೊಮ್ಮೆ ಮುಟ್ಟಿದರು. "ಇಕಿ ಮೈ ಬಿಸಿ ಐತಿ. ಇವತ್ತ ಬ್ಯಾಡ. ಹೊಳ್ಳಿ ಹೋಗ್ರಿ" ಎಂದರು. ಆ ಅತ್ತೆ ಕೆರಳಿದಳು. "ಗಾಡಿ ಮಾಡಿಕೊಂಡ ಬಂದೇವಿ. ನೀ ಯಾವ ಡಾಕ್ಟರಬೇ?" ಒಳಗಿನಿಂದ ಸಿಸ್ಟರು ಬಂದಳು, ಜನ ಸೇರಿದರು. ಎಲ್ಲರೂ ಒಟ್ಟಿಗೆ ಆಯಿಯನ್ನು ಬೈಯುತ್ತಿದ್ದರು. ಅವರು ಆ ಹುಡುಗಿಯ ಮುಂಗೈ ಹಿಡಿದುಕೊಂಡು ನಿಂತೇ ಇದ್ದರು. ಕೊನೆಗೆ ಅತ್ತೆಯೇ ಸೋತು, ಸೊಸೆಯನ್ನು ಎಳೆದುಕೊಂಡು, ಆಯಿಗೆ ಶಾಪ ಹಾಕುತ್ತ ಗಾಡಿ ಹತ್ತಿದಳು.

ಜನ ಚದುರಿದ ಮೇಲೆ ನಾನು ಕೇಳಿದೆ, "ಆಯಿ, ಖರೇನ ಜ್ವರ ಇತ್ತೇನ್ರಿ ಅಕಿಗೆ? ಬಿಸಲಾಗ ಬಂದಿದ್ಲು."

ಆಯಿ ಗೇಟಿನ ಪಕ್ಕದ ಕಲ್ಲಿನ ಮೇಲೆ ಮತ್ತೆ ಕುಳಿತರು. ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು.

"ನನಗೇನ ಗೊತ್ತ್ರಿ ಅಕ್ಕಾರ" ಎಂದರು. "ನನಗೀಗ ಎಲ್ಲಾರ ಮೈನೂ ಬಿಸೀನ ಹತ್ತತೈತಿ."